ಬೇವಿನ ಹಲಗೆಯ ಎಡಗೈ

ಸರ್ಕಾರಿ ಸೇವೆಯ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಹಲವು ಹುದ್ದೆಗಳನ್ನು ಅಲಂಕರಿಸಿದೆ. ಅಲಂಕರಿಸಿದೆ ಎಂಬುದು ಬೀಳ್ಕೊಡುಗೆಯ ದಿನ ಯಾರೋ ಭಾಷಣದಲ್ಲಿ ಹೇಳಿದ ಮಾತು. ನಿಜದಲ್ಲಿ ನಾನು ಆ ಹುದ್ದೆಗಳ ಕುರ್ಚಿಯ ಮೇಲೆ ಕುಳಿತಿದ್ದೆ, ಅಷ್ಟೆ. ಸೇವಾ ಪುಸ್ತಕದಲ್ಲಿ ಎಲ್ಲಿಯೂ ನಮೂದಾಗದ ಒಂದು ಹುದ್ದೆಯನ್ನು ಮಾತ್ರ ನಾನು ಮನಸ್ಸಿಟ್ಟು ಮಾಡಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಹೆಚ್ಚುಕಡಿಮೆ ಒಂದು ವರ್ಷ, ಪ್ರತಿ ಭಾನುವಾರ ರಾಯಚೂರಿನ ಕೋಟೆಗೋಡೆಯ ನೆರಳಿನಲ್ಲಿ ನಾನು ಒಬ್ಬ ಬೀಗ ರಿಪೇರಿಯವರ ಎಡಗೈಯಾಗಿದ್ದೆ. ಆ ಹುದ್ದೆಯಿಂದ ನನ್ನನ್ನು ತೆಗೆದುಹಾಕಿದ್ದು ಒಂದು ಬೇವಿನ ಹಲಗೆ. ಆ ಹಲಗೆಯನ್ನು ಮಾಡಿದವನೂ ನಾನೇ.

ನಾನಾಗ ದೇವದುರ್ಗದಲ್ಲಿ ಶಾಲೆಗಳ ಕಡತ ನೋಡುವ ಕಾರಕೂನ. ಮನೆಮಂದಿ ರಾಯಚೂರಿನಲ್ಲಿ. ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸು. ಆ ಕಾಲದ ಹೆಡ್‌ಮಾಸ್ತರರಲ್ಲಿ ಕೆಲವರಿಗೆ ಒಂದು ಅಭ್ಯಾಸವಿತ್ತು. ವರ್ಗವಾದಾಗ ಹಾರ ಹಾಕಿಸಿಕೊಂಡು, ಎಲ್ಲರಿಗೂ ಕೈಮುಗಿದು, ಕಣ್ಣೊರೆಸಿಕೊಂಡು ಬಸ್ಸು ಹತ್ತುವರು. ಶಾಲೆಯ ಚಾವಿ ಅವರ ಅಂಗಿಯ ಒಳಕಿಸೆಯಲ್ಲಿ ಅವರ ಜೊತೆಗೇ ಹೊಸ ಊರಿಗೆ ಹೋಗುವುದು. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಚಾವಿಯನ್ನು ಜೋಪಾನ ಮಾಡಿ ಮಾಡಿ, ಅದನ್ನು ಒಂದು ದಿನ ಕೊಡಬೇಕಾಗುತ್ತದೆ ಎಂಬುದೇ ಅವರಿಗೆ ಮರೆತುಹೋಗಿರುತ್ತಿತ್ತು. ಬೀಗ ಒಡೆಯಬೇಕೆಂದರೆ ಪಂಚನಾಮೆ. ಹೊಸದು ಕೊಳ್ಳಬೇಕೆಂದರೆ ಮೂರು ಅಂಗಡಿಯ ದರಪಟ್ಟಿ. ಇವೆರಡರ ನಡುವೆ ಒಂದು ಮಳೆಗಾಲ ಸುಲಭವಾಗಿ ಕಳೆದುಹೋಗುತ್ತಿತ್ತು. ಒಡೆಯದೆ ತೆರೆದರೆ ಮಾತ್ರ ಯಾವ ಕಾಗದವೂ ಬೇಡ. ಆಗಿಯೇ ಇಲ್ಲದ ಸಂಗತಿಗೆ ಕಡತ ಇರುವುದಿಲ್ಲ.

ಹೀಗಾಗಿ ಒಂದು ಶನಿವಾರ ಒಂದು ಶಾಲೆಯ ತಗಡಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ರಾಯಚೂರಿಗೆ ತಂದೆ. ಮರುದಿನ ತೀನ್ ಕಂದೀಲ್ ಚೌಕದ ಆಚೆ, ಕೋಟೆಗೋಡೆಯ ನೆರಳಿನಲ್ಲಿ ಗೋಣಿತಟ್ಟು ಹಾಸಿಕೊಂಡು ಕೂರುತ್ತಿದ್ದ ಒಬ್ಬ ಮುದುಕರ ಮುಂದೆ ಇಳಿಸಿದೆ. ಬಜಾರಿನವರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ, ಮುಂದೆ ತುಕ್ಕು ಹಿಡಿದ ಚಾವಿಗಳ ದೊಡ್ಡ ಗೊಂಚಲು. ಅವರು ಪೆಟ್ಟಿಗೆಯನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಈ ಪೆಟ್ಟಿಗಿ ನಿಮ್ದು ಅಂತ ಹೇಳಾಕ ಇಬ್ಬರನ್ನ ಕರ್ಕೊಂಡು ಬರ್ರಿ” ಎಂದರು.

ಇದು ಅವರ ತಂದೆಯ ಕಾಲದಿಂದ ನಡೆದು ಬಂದ ಕಟ್ಟಳೆ. ಬೀಗದ ಮಾಲೀಕ ಎದುರಿಗಿರಬೇಕು. ಅವನೇ ಮಾಲೀಕ ಎಂದು ಹೇಳಲು ಗುರುತಿನವರು ಇಬ್ಬರು ಬೇಕು. ಮೂರೂ ಮುಖ ಕಾಣುವ ತನಕ ಉಸ್ತಾದರ ತಂತಿ ಡಬ್ಬಿಯಿಂದ ಹೊರಗೆ ಬರುತ್ತಿರಲಿಲ್ಲ. ನಾನು ಸರ್ಕಾರಿ ನೌಕರ ಎಂದು ಗಂಭೀರವಾಗಿ ತಿಳಿಸಿದೆ. ಅದಕ್ಕವರು ಹಾಗಾದರೆ ಮೂವರನ್ನು ಕರೆತರುವುದು ಒಳ್ಳೆಯದು ಎಂದರು. ಕೊನೆಗೆ ನಮ್ಮ ಓಣಿಯ ಇಬ್ಬರು ಹಿರಿಯರನ್ನು ಕರೆತಂದು, ನಾನು ನಾನೇ ಎಂದು ಅವರ ಬಾಯಿಂದ ಹೇಳಿಸಿದೆ.

ಆಮೇಲೂ ಉಸ್ತಾದರು ಬೀಗ ಮುಟ್ಟಲಿಲ್ಲ. ಆಗಲೇ ನಾನು ಅವರ ಎಡಗೈಯನ್ನು ಗಮನಿಸಿದ್ದು. ಅದು ಅವರ ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿತ್ತು. ಹಿಂದಿನ ಚಳಿಗಾಲದಲ್ಲಿ ಲಕ್ವಾ ಹೊಡೆದಿತ್ತಂತೆ. ಬೀಗ ತೆರೆಯಲು ಎರಡು ತಂತಿ ಬೇಕು: ಒಂದು ಎಳೆದು ಹಿಡಿಯಲು, ಇನ್ನೊಂದು ಒಳಗೆ ತಡಕಲು. ತಡಕುವುದು ಬಲಗೈಯ ಕೆಲಸ. ಬೀಗವನ್ನು ಅಲುಗದಂತೆ ಹಿಡಿದು ಎಳೆಯುವ ತಂತಿಯನ್ನು ಒತ್ತಿಕೊಂಡಿರುವುದು ಎಡಗೈಯದು. ಐವತ್ತು ವರ್ಷದ ವಿದ್ಯೆ ಬಲಗೈಯಲ್ಲಿ ಹಾಗೇ ಇತ್ತು, ಹಿಡಿದುಕೊಡುವವರು ಇರಲಿಲ್ಲ.

“ಹಿಡೀರಿ ಬಾಬು. ಗಟ್ಟಿ ಬ್ಯಾಡ. ಕೂಸಿನ ಕೈ ಹಿಡದಂಗ.”

ಹಿಡಿದೆ. ಅವರ ಬಲಗೈಯ ತಂತಿ ಒಳಗೆ ಹೋಯಿತು, ಏನನ್ನೋ ಕೇಳಿಸಿಕೊಂಡಿತು, ಬೀಗ ನನ್ನ ಅಂಗೈಯಲ್ಲಿ ಸಣ್ಣಗೆ ಒಮ್ಮೆ ಅದುರಿ ಬಾಯಿ ಬಿಟ್ಟಿತು. ಪೆಟ್ಟಿಗೆಯೊಳಗೆ ಹಳೆಯ ಭೂಪಟಗಳು ಮತ್ತು ಸತ್ತ ಹಲ್ಲಿ ಇದ್ದವು. ನನಗೆ ಅದಾವುದೂ ನೆನಪಿನಲ್ಲಿ ಉಳಿಯುವಂಥದ್ದಲ್ಲ. ಉಳಿದದ್ದು ಆ ಅದುರು. ಮುಂದಿನ ಭಾನುವಾರ ಯಾರೂ ಕರೆಯದೆ ಹೋಗಿ ಅವರ ಎಡಗಡೆ ಕುಳಿತೆ. ನೇಮಕಾತಿ ಆದೇಶವಿಲ್ಲದೆ ನಾನು ಸೇರಿದ ಏಕೈಕ ಕೆಲಸ ಅದು.

ಭಾನುವಾರ ಗಿರಾಕಿಗಳು ಸಾಲುಗಟ್ಟುವರು. ಉಳಿದ ಆರು ದಿನ ಉಸ್ತಾದರು ಮನೆಯಲ್ಲಿ. ಅವರ ಮನೆಯವರನ್ನು ನಾನು ಚಾಚಿ ಎನ್ನುತ್ತಿದ್ದೆ. ಮಧ್ಯಾಹ್ನ ಅವರಿಗೆ ರೊಟ್ಟಿ ತರುವಾಗ ನನಗೂ ಒಂದು ತರುವರು. ಆ ಆರು ದಿನ ಇವರು ಗೋಡೆ ನೋಡುತ್ತ ಕೂರುತ್ತಾರೆ, ಬೈಯುವುದನ್ನೂ ಬಿಟ್ಟಿದ್ದಾರೆ ಎಂದು ಚಾಚಿ ಒಮ್ಮೆ ನನ್ನ ಬಳಿ ಹೇಳಿದರು. ಬೈಯುವುದು ನಿಂತದ್ದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು. ಇತ್ತ ಖಾಲಿ ಬಿದ್ದ ನೆರಳಿನ ಮೇಲೆ ಪಕ್ಕದ ಛತ್ರಿ ರಿಪೇರಿಯವನ ಕಣ್ಣು ಬಿದ್ದಿತ್ತು. ಮೊದಲು ಅವನ ಒಂದು ಛತ್ರಿ ಈಚೆ ಬಂತು, ಆಮೇಲೆ ಅವನ ಮೊಣಕಾಲು.

“ಮೊಹರಂ ತನಕ ನೋಡ್ತೀನಿ ಬಾಬು” ಎಂದರು ಉಸ್ತಾದರು ಒಂದು ದಿನ. “ಆಮ್ಯಾಲೆ ಜಾಗಾ ಛತ್ರಿಯವಗ ಬಿಟ್ಟುಕೊಡ್ತೀನಿ. ವಾರಕ್ಕೊಮ್ಮಿ ಕುಂದ್ರೋದು ದುಕಾನ್ ಅಲ್ಲ, ಸಂತಿ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ರಜೆ ಹಾಕಿ ಬರುವೆನೆಂದರೆ ವರ್ಷದ ರಜೆ ಒಂದು ತಿಂಗಳಿಗೂ ಸಾಲದು.

ಈ ನಡುವೆ ನನಗೇ ವಿದ್ಯೆ ಕಲಿಯುವ ಹುಚ್ಚು ಹತ್ತಿತ್ತು. ಇದರಲ್ಲಿ ಪರೋಪಕಾರವೇನೂ ಇರಲಿಲ್ಲ. ಇಡೀ ತಾಲ್ಲೂಕಿನ ಬೀರುಗಳು ನನ್ನ ಹೆಸರು ಕೇಳಿದರೆ ತಾವಾಗಿ ತೆರೆದುಕೊಳ್ಳಬೇಕು ಎಂಬ ಘನವಾದ ಆಸೆ, ಅಷ್ಟೆ. ಉಸ್ತಾದರು ನಕ್ಕು ನಾಲ್ಕು ಹಳೆಯ ಬೀಗ, ಎರಡು ತಂತಿ ಕೊಟ್ಟರು. ಬೆರಳಿಗೆ ಕಣ್ಣು ಬರುವ ತನಕ ತಡಕು ಎಂದರು. ಕೂಲಿ ಕೊಡುವ ಗಿರಾಕಿಯ ಬೀಗದ ಮೇಲೆ ಮಾತ್ರ ಕಲಿಯಲು ಬಿಡಲಿಲ್ಲ.

ದೇವದುರ್ಗದ ಬಾಡಿಗೆ ಕೋಣೆಯಲ್ಲಿ ಕುಳಿತು ತಡಕಿದೆ. ನನ್ನದು ಬೆವರುವ ಅಂಗೈ. ಕಡತ ಹಿಡಿದರೆ ಶಾಯಿ ಕಲೆಸುವ ಕೈ. ಬೀಗ ಮೀನಿನಂತೆ ಜಾರಿ, ತಂತಿ ಹೆಬ್ಬೆರಳಿಗೆ ಚುಚ್ಚಿ, ಒಂದು ವಾರದಲ್ಲಿ ನನ್ನ ಎಡಗೈ ಹೆಣಿಗೆ ಕಲಿಯುವವರ ಕೈಯಂತಾಯಿತು. ಇತರರ ಎಡಗೈಯಾಗಿ ಅನುಭವ ಇದ್ದವನಿಗೆ ಸ್ವಂತ ಎಡಗೈ ಕೆಲಸಕ್ಕೆ ಬಾರದ್ದು ಅವಮಾನವೆನ್ನಿಸಿತು. ಬೀಗವನ್ನು ಹಿಡಿದುಕೊಳ್ಳುವ ಒಂದು ಸಾಧನ ಮಾಡಲು ನಿಶ್ಚಯಿಸಿದೆ.

ಬೀದಿಯ ಕೊನೆಯ ಬಡಿಗೇರರ ಹತ್ತಿರ ಬಾಗಿಲ ಚೌಕಟ್ಟಿನಲ್ಲಿ ಉಳಿದ ಬೇವಿನ ತುಂಡುಗಳಿದ್ದವು. ಒಂದೂವರೆ ಗೇಣು ಉದ್ದದ್ದೊಂದು, ಒಂದು ಗೇಣಿನದೊಂದು ಆರಿಸಿಕೊಂಡೆ. ಉದ್ದದ್ದು ಅಡಿಗೆ, ಗಿಡ್ಡದ್ದು ಅದರ ಮೇಲೆ ನೆಟ್ಟಗೆ. ನಡುವೆ ಬಿಜಾಗರಿ ಇದ್ದುದರಿಂದ ಬೇಡವಾದಾಗ ಪುಸ್ತಕದಂತೆ ಮಡಚಬಹುದು. ನಿಲ್ಲಿಸಿದಾಗ ಹಿಂದೆ ಬೀಳದಂತೆ ಒಂದು ಕಬ್ಬಿಣದ ಕೊಕ್ಕೆ. ನಿಂತ ಹಲಗೆಯ ಮೇಲೆ ಪೀಪಾಯಿಯ ಪಟ್ಟಿಯಿಂದ ಕತ್ತರಿಸಿದ ಎರಡು ತುಂಡು, ಅವುಗಳ ತುದಿಗೆ ಬೋಲ್ಟು, ಬೆರಳಿನಿಂದಲೇ ತಿರುವಬಹುದಾದ ಎರಡು ಕಿವಿಯ ನಟ್ಟು. ಬೀಗದ ಮೈಯನ್ನು ಆ ಪಟ್ಟಿಗಳ ನಡುವೆ ಇಟ್ಟು ನಟ್ಟು ತಿರುವಿದರೆ ಬಿಗಿ. ಬೀಗಕ್ಕೆ ಗಾಯವಾಗದಂತೆ ಒಳಗಡೆ ಹಳೆಯ ಸೈಕಲ್ ಟ್ಯೂಬಿನ ಮೆತ್ತೆ. ಅಡಿಹಲಗೆಗೆ ನನ್ನ ಹಳೆಯ ಚರ್ಮದ ಬೆಲ್ಟು: ತೊಡೆಗೆ ಕಟ್ಟಿಕೊಳ್ಳಬಹುದು, ಬಸ್ಸಿನ ಸೀಟಿನ ಸರಳಿಗೂ ಬಿಗಿಯಬಹುದು. ಬಡಿಗೇರರು ಮೊದಲು ಅಡಿಹಲಗೆಯನ್ನು ನಿಂತ ಹಲಗೆಯಷ್ಟೇ ಗಿಡ್ಡ ಮಾಡಲು ಹೇಳಿದ್ದರು. ನಾನು ಅವರ ಮಾತು ಕೇಳಿದ್ದರೆ ಬೀಗದ ಭಾರಕ್ಕೆ ಅದು ಮುಗ್ಗರಿಸುತ್ತಿತ್ತು. ನನ್ನ ಜೀವನದಲ್ಲಿ ತಾಂತ್ರಿಕ ವಿಷಯದಲ್ಲಿ ನಾನು ಸರಿಯಾಗಿದ್ದ ಏಕಮಾತ್ರ ಸಂದರ್ಭವಾದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

ಈ ಹಲಗೆಯ ಮೇಲೆ ನಾಲ್ಕೂ ಬೀಗಗಳು ಒಂದೊಂದಾಗಿ ಶರಣಾದವು. ದೇವದುರ್ಗದ ಬಸ್ಸಿನಲ್ಲಿಯೂ ಅಭ್ಯಾಸ ನಡೆಯಿತು. ಒಮ್ಮೆ ಪಕ್ಕದಲ್ಲಿ ಕುಳಿತ ಗಬ್ಬೂರಿನ ಅಜ್ಜಿಯೊಬ್ಬರು ಬಹಳ ಹೊತ್ತು ನೋಡಿ, ಇದು ಇಲಿಬೋನೇ ಎಂದು ಕೇಳಿದರು. ಇಲ್ಲವ್ವ, ಕಚೇರಿ ಕೆಲಸ ಎಂದೆ.

“ಹಂಗಾರ ಇಲಿ ಸಿಗಂಗಿಲ್ಲ ಬಿಡು” ಎಂದು ಅಜ್ಜಿ ಕಿಟಕಿಯ ಕಡೆ ತಿರುಗಿದರು.

ಹಲಗೆಯ ಸುದ್ದಿಯನ್ನು ಉಸ್ತಾದರಿಗೆ ನಾನು ಹೇಳಲಿಲ್ಲ. ಪೂರ್ತಿ ಪಳಗಿದ ಮೇಲೆ ಒಮ್ಮೆಗೇ ಬೆರಗುಗೊಳಿಸಬೇಕೆಂಬ ಆಸೆ ಒಂದು ಕಡೆ, ಊರುಗೋಲು ಹಿಡಿದು ನಡೆಯುವ ಶಿಷ್ಯ ಎಂದಾರೆಂಬ ನಾಚಿಕೆ ಇನ್ನೊಂದು ಕಡೆ. ಭಾನುವಾರಗಳು ಕಳೆದವು. ಅಲ್ಲಿ ನಾನು ಅವರ ಬೀಗ ಹಿಡಿಯುವೆ, ಇಲ್ಲಿ ಹಲಗೆ ನನ್ನ ಬೀಗ ಹಿಡಿಯುವುದು.

ಮೊಹರಂಗೆ ಸುಮಾರು ಎರಡು ವಾರವಿದ್ದಾಗ ಗಬ್ಬೂರಿನ ಶಾಲೆಯಿಂದ ಕರೆ ಬಂತು. ವರ್ಗವಾಗಿ ಹೋದ ಹೆಡ್‌ಮಾಸ್ತರರ ಕಿಸೆಯಲ್ಲಿ ಉಗ್ರಾಣದ ಚಾವಿ. ಉಗ್ರಾಣದ ಒಳಗೆ ಹಾಜರಿ ಪುಸ್ತಕ ಮತ್ತು ಶಾಲೆಯ ಗಂಟೆ. ಮೂರು ದಿನಗಳಿಂದ ಹೊಸ ಹೆಡ್‌ಮಾಸ್ತರರು ಕೈಗಡಿಯಾರ ನೋಡಿ ಬಾಯಿಂದಲೇ “ಢಣ್” ಎನ್ನುತ್ತಿದ್ದರು. ನಾನು ಹಲಗೆಯನ್ನು ಕೋಣೆಯಲ್ಲೇ ಬಿಟ್ಟು, ತಂತಿ ಮಾತ್ರ ಕಿಸೆಯಲ್ಲಿಟ್ಟುಕೊಂಡು ಹೋದೆ. ಪಳಗಿದವನಿಗೆ ಹಲಗೆಯೇಕೆ? ಉಸ್ತಾದರ ಕಟ್ಟಳೆಯಂತೆ ಇಬ್ಬರು ಸಾಕ್ಷಿಗಳನ್ನು ಕೇಳಿದೆ. ಚಹಾದಂಗಡಿಯವನೂ, ಹೆಗಲ ಮೇಲೆ ಕಂಬಳಿ ಹೊದ್ದು ಹಾದಿಯಲ್ಲಿ ಹೋಗುತ್ತಿದ್ದ ಕುರಿಗಾರನೊಬ್ಬನೂ ಬಂದು ನಿಂತರು. ಇದು ನಮ್ಮೂರ ಸಾಲಿ ಎಂದು ಇಬ್ಬರೂ ವಿಧಿವತ್ತಾಗಿ ಹೇಳಿದರು. ಮಕ್ಕಳು ಸುತ್ತ ನೆರೆದರು.

ನಾನು ಮೊಣಕಾಲೂರಿದೆ. ಬೀಗ ಬಾಗಿಲ ಸರಪಳಿಗೆ ಜೋತುಬಿದ್ದಿತ್ತು. ತಂತಿ ಹಾಕಿದರೆ ಅದು ಬಲಕ್ಕೆ ಓಲಾಡಿತು. ಎಡಗೈಯಿಂದ ಹಿಡಿದರೆ ಬೆವರಿಗೆ ಜಾರಿ ಎಡಕ್ಕೆ ಓಲಾಡಿತು. ತಿಂಗಳುಗಟ್ಟಲೆ ನನ್ನ ಬೆರಳುಗಳು ಕಲಿತದ್ದೆಲ್ಲ ಅಲುಗದ ಬೀಗದ ವಿದ್ಯೆ. ಇದು ಅಲುಗುವ ಬೀಗ. ಒಂದು ಪಿರಿಯಡ್ ಮುಗಿಯಿತು. ಹೆಡ್‌ಮಾಸ್ತರರು ನನ್ನ ತಲೆಯ ಮೇಲೆ ನಿಂತು “ಢಣ್” ಎಂದರು.

ಕುರಿಗಾರನಿಗೆ ತಡೆಯಲಾಗಲಿಲ್ಲ.

“ಸಾಹೇಬ್ರ, ಅದನ್ನ ಹಂಗ ಬಿಟ್ರ ಆಗಂಗಿಲ್ರೀ. ಕುರಿ ಉಣ್ಣಿ ಕತ್ತರಸಾಗ ನಾವು ಎಲ್ಡು ಮೊಣಕಾಲಾಗ ಗಪ್ಪನ ಹಿಡೀತೀವಿ. ಸರೀರಿ, ನಾ ಹಿಡೀತೀನಿ.”

ಅವನು ಕಂಬಳಿ ಕೆಳಗಿಟ್ಟು, ಬೀಗದ ಕುತ್ತಿಗೆಯನ್ನು ಎರಡು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಒತ್ತಿದ. ಅದು ಕುರಿಯಂತೆಯೇ ಸುಮ್ಮನಾಯಿತು. ಎರಡು ನಿಮಿಷದಲ್ಲಿ ತೆರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು, ಕುರಿಗಾರನಿಗೆ.

ದೇವದುರ್ಗಕ್ಕೆ ಮರಳಿದವನೇ ಹಲಗೆಯನ್ನು ತೆಗೆದು ಮನೆಯೊಡತಿಯ ಕಟ್ಟಿಗೆಯ ಒಟ್ಟಿಲಿನ ಮೇಲೆ ಎಸೆದೆ. ಸ್ನಾನದ ನೀರಿನ ಒಲೆಗೆ ಆಯಿತು ಎಂದೆ. ಮೋಸ ಮಾಡಿದ್ದು ಹಲಗೆ ಎಂದು ನನ್ನ ತೀರ್ಪು.

ಆ ಭಾನುವಾರ ಉಸ್ತಾದರ ಪಕ್ಕ ಕುಳಿತು ಎಲ್ಲವನ್ನೂ ಒಪ್ಪಿಕೊಂಡೆ. ಹಲಗೆ, ಬಿಜಾಗರಿ, ಕಿವಿಯ ನಟ್ಟು, ಕುರಿಗಾರ, ಢಣ್. ಅವರು ಹೊಟ್ಟೆ ಹಿಡಿದು ನಗುವರೆಂದುಕೊಂಡಿದ್ದೆ. ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಒಂದೇ ಕೈಯಿಂದ ಒರೆಸಬೇಕಾದ್ದರಿಂದ ಬಹಳ ಹೊತ್ತು ಹಿಡಿಯಿತು.

“ಆ ಹಲಗಿ ಬೀಗ ಅಲಗಾಡದಂಗ ಹಿಡೀತದೇನು?”

ಹೌದು, ಸ್ವಲ್ಪವೂ ಅಲುಗುವುದಿಲ್ಲ, ಅದೇ ಅದರ ದೋಷ ಎಂದೆ.

“ನಿಮಗ ದೋಷ ಬಾಬು” ಎಂದರು. ತೊಡೆಯ ಮೇಲಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ನನ್ನ ಮುಂದೆ ಹಿಡಿದರು. “ಇದಕ್ಕ?”

ಹೆಚ್ಚುಕಡಿಮೆ ಒಂದು ವರ್ಷ ಭಾನುವಾರ ಒಬ್ಬರಿಗೆ ಎಡಗೈಯಾಗಿದ್ದೆ. ವಾರದ ಉಳಿದ ದಿನ ಮರದ ಎಡಗೈ ಮಾಡಿ ಅದರಲ್ಲಿ ಆಟವಾಡಿದ್ದೆ. ಎರಡನ್ನೂ ಒಮ್ಮೆಯೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಕಾರಕೂನನ ತಲೆ ಹಾಗೆ. ರಾಯಚೂರಿನ ವಿಷಯ ಒಂದು ಕಡತ, ದೇವದುರ್ಗದ ವಿಷಯ ಇನ್ನೊಂದು. ಒಂದರ ಕಾಗದ ಇನ್ನೊಂದಕ್ಕೆ ಹೋಗಕೂಡದು ಎಂದು ನಮಗೆ ಮೊದಲ ದಿನವೇ ಕಲಿಸಿರುತ್ತಾರೆ.

ಹಲಗೆ ಎಲ್ಲಿದೆ ಎಂದು ಅವರು ಕೇಳಿದರು. ಒಲೆಗೆ ಕೊಟ್ಟೆ ಎನ್ನಲು ನಾಲಿಗೆ ಬರಲಿಲ್ಲ. ತರುತ್ತೇನೆ ಎಂದೆ. ಮೊಹರಂಗೆ ಉಳಿದದ್ದು ಹತ್ತು ದಿನ.

ಸೋಮವಾರದ ಬೆಳಗಿನ ಬಸ್ಸು ಅಷ್ಟು ನಿಧಾನವಾಗಿ ಹೋದದ್ದು ಅದೊಂದೇ ಸಲ. ಯರಗೇರಾದ ಕಡೆಯವರೊಬ್ಬರು ಬಸ್ಸಿನ ಮೇಲೆ ಕಬ್ಬಿಣದ ಮಂಚ ಏರಿಸಿ, ಇಳಿಸಿ, ಮತ್ತೆ ಏರಿಸಿದರು. ದೇವದುರ್ಗದಲ್ಲಿ ಇಳಿದವನು ಕಚೇರಿಗೆ ಹೋಗದೆ ನೇರವಾಗಿ ಹಿತ್ತಲಿಗೆ ನುಗ್ಗಿದೆ. ಒಟ್ಟಿಲು ಅರ್ಧ ಕರಗಿತ್ತು. ಹಲಗೆ ಇರಲಿಲ್ಲ. ಒಲೆಯಲ್ಲಿ ಬೂದಿ ಇತ್ತು. ಆ ಬೂದಿಯನ್ನು ಕಡ್ಡಿಯಿಂದ ಕೆದಕಿ ಬಿಜಾಗರಿ ಹುಡುಕುತ್ತಿದ್ದಾಗ ಮನೆಯೊಡತಿ ಬಂದರು. ಅರವತ್ತು ದಾಟಿದ ಹೆಂಗಸು. ಬಾಡಿಗೆದಾರನ ಬುದ್ಧಿಯ ಬಗ್ಗೆ ಅವರಿಗೆ ಮೊದಲಿನಿಂದಲೂ ಅನುಮಾನವಿತ್ತು.

“ಯಾಕ ತಮ್ಮಾ, ಬೂದ್ಯಾಗ ಏನ್ ಹುಡಕಾಕತ್ತಿ?”

ಹೇಳಿದೆ.

“ಕಬ್ಬಿಣ ಇದ್ದ ಹಲಗಿ ಯಾರರ ಸುಡ್ತಾರೇನು? ನಿಮ್ಮ ಕಚೇರ್ಯಾಗ ಸುಡ್ತಿರಬೇಕು.” ಕೋಳಿಗೂಡಿನ ಕಡೆ ಕೈ ತೋರಿಸಿದರು.

ಗೂಡಿನ ಬಾಗಿಲ ಚಿಲಕ ಮುರಿದಿತ್ತಂತೆ. ನನ್ನ ಹಲಗೆಯನ್ನು ಗೂಡಿಗೆ ಆನಿಸಿ, ಬೆಲ್ಟಿನಿಂದ ಬಿಗಿದು, ಪಟ್ಟಿಗಳ ನಡುವೆ ಬಾಗಿಲ ಅಂಚನ್ನು ಸಿಕ್ಕಿಸಿ ಕಿವಿಯ ನಟ್ಟು ತಿರುವಿದ್ದರು. ಬೀಗ ತೆರೆಯಲೆಂದು ಮಾಡಿದ ಸಾಧನ ಮೂರು ದಿನಗಳಿಂದ ಕೋಳಿಗಳಿಗೆ ಬೀಗವಾಗಿ ಸೇವೆ ಸಲ್ಲಿಸುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ನಾನು ಹೊಸ ಚಿಲಕ ತಂದು ನನ್ನ ಕೈಯಾರೆ ಬಡಿಯಬೇಕಾಯಿತು. ಆ ಹೆಂಗಸಿಗೆ ನಾನು ಇಂದಿಗೂ ಕೃತಜ್ಞ. ಒಲೆಗೆಂದು ಕೊಟ್ಟದ್ದನ್ನು ಒಮ್ಮೆ ತಿರುಗಿಸಿ ನೋಡುವ ಕಣ್ಣು ನನಗಿರಲಿಲ್ಲ, ಅವರಿಗಿತ್ತು.

ಮುಂದಿನ ಭಾನುವಾರ, ಮೊಹರಂಗೆ ಇನ್ನು ಮೂರು ದಿನವಿದ್ದಾಗ, ಗೋಣಿತಟ್ಟಿನ ಮೇಲೆ ಹಲಗೆ ನಿಂತಿತು. ಪಟ್ಟಿಗಳ ಸಂದಿಯಲ್ಲಿ ಒಂದು ಕೋಳಿಪುಕ್ಕ ಇನ್ನೂ ಇತ್ತು. ಉಸ್ತಾದರು ಅದನ್ನು ಕಿತ್ತು ಗಾಳಿಗೆ ಬಿಟ್ಟು, ಬೀಗ ಇಟ್ಟು ನಟ್ಟು ತಿರುವಿದರು. ಹಿಡಿಯುವ ಕೆಲಸ ಆಯಿತು. ಎಳೆಯುವ ತಂತಿಯನ್ನು ಒತ್ತುವವರು ಯಾರು? ನಾನು ಅಭ್ಯಾಸದಿಂದ ಕೈ ಚಾಚಿದೆ. ಅವರು ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಮೆತ್ತೆಯ ಟ್ಯೂಬಿನಿಂದ ಒಂದು ರಬ್ಬರಿನ ಎಳೆ ಕತ್ತರಿಸಿ ತಂತಿಯ ತುದಿಗೆ ಕಟ್ಟಿಸಿದರು, ಇನ್ನೊಂದು ತುದಿಯನ್ನು ಹಲಗೆಯ ಬದಿಗೆ ಮೊಳೆ ಹೊಡೆದು ಸಿಕ್ಕಿಸಿದರು. ಎಳೆತ ಹೆಚ್ಚಾಗಿ ತಂತಿ ಬಾಗಿತು. ಸಣ್ಣ ಎಳೆ ಕತ್ತರಿಸಿದರು. ಅದು ಸಡಿಲವಾಯಿತು. ಛತ್ರಿಯವನು ಸೂಜಿ ಕೆಳಗಿಟ್ಟು ನೋಡುತ್ತಿದ್ದ. ರೊಟ್ಟಿ ತಂದ ಚಾಚಿ ಗಂಟು ಬಿಚ್ಚದೆ ನಿಂತಿದ್ದರು.

ಮೂರನೆಯ ಎಳೆಗೆ ತಂತಿ ಬೇಕಾದಷ್ಟೇ ಎಳೆದು ನಿಂತಿತು. ಉಸ್ತಾದರ ಬಲಗೈ ಒಳಗೆ ಹೋಯಿತು, ಕೇಳಿಸಿಕೊಂಡಿತು. ಈ ಸಲ ಆ ಅದುರು ನನ್ನ ಅಂಗೈಗೆ ಬರಲಿಲ್ಲ. ಬೇವಿನ ಹಲಗೆಗೆ ಬಂತು. ಬೀಗ ಬಾಯಿ ಬಿಟ್ಟಿತು.

ಉಸ್ತಾದರು ಮೊದಲು ಮಾಡಿದ ಕೆಲಸವೆಂದರೆ ಚಾಚಿಯ ಕಡೆ ತಿರುಗಿ, ರೊಟ್ಟಿ ತಣ್ಣಗಾಗುವ ತನಕ ನಿಂತು ಏನು ನೋಡುತ್ತೀ ಎಂದು ಬೈದದ್ದು. ಚಾಚಿ ಸೆರಗಿನಿಂದ ಮುಖ ಒರೆಸಿಕೊಂಡು, ನನಗೆ ಅಂದು ಎರಡು ರೊಟ್ಟಿ ಕೊಟ್ಟರು. ಛತ್ರಿಯವನು ತನ್ನ ಮೊಣಕಾಲನ್ನು ಆಚೆ ಎಳೆದುಕೊಂಡ.

ಸಂಜೆ ಎದ್ದಾಗ ನನಗೆ ಬಿಡುಗಡೆಯ ಆದೇಶ ಸಿಕ್ಕಿತು.

“ಬರೋ ಐತವಾರ ಹಿಡಿಯಾಕ ಬರಬ್ಯಾಡ್ರಿ ಬಾಬು. ಚಾ ಕುಡಿಯಾಕ ಬರ್ರಿ.”

ಮೊಹರಂ ಬಂತು, ಹೋಯಿತು. ನೆರಳಿನಲ್ಲಿ ಉಸ್ತಾದರು ವಾರದ ಆರು ದಿನ ಕುಳಿತರು. ಶುಕ್ರವಾರ ಮಾತ್ರ ರಜೆ. ಹಲಗೆ ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಮನೆಗೂ ಹೋಗತೊಡಗಿದರು. ಬಾಗಿಲ ಸರಪಳಿಗೆ ಬೆಲ್ಟು ಬಿಗಿದು, ಓಲಾಡುವ ಬೀಗವನ್ನು ಪಟ್ಟಿಯೊಳಗೆ ಸೇರಿಸುವರು. ಗಬ್ಬೂರಿಗೆ ನಾನು ಹಲಗೆಯನ್ನು ಒಯ್ದಿದ್ದರೆ ಮಾಡಬೇಕಾಗಿದ್ದದ್ದು ಅದನ್ನೇ. ನಾನು ಮೆರುಗು ಹಚ್ಚಿದ್ದ ಅಂಚನ್ನು ಅವರು ತಮ್ಮ ಅನುಕೂಲಕ್ಕೆ ಕೊಯ್ದು ಹಾಕಿದ್ದರು. ಕೇಳಲು ನನಗೆ ಧೈರ್ಯವಾಗಲಿಲ್ಲ.

ಎಂಬತ್ತರ ದಶಕ ಹುಟ್ಟಿದ ಮೇಲೆ ನನಗೆ ಮಾನ್ವಿಗೆ ವರ್ಗವಾಯಿತು. ಹಾರ ಹಾಕಿಸಿಕೊಂಡು, ಕಣ್ಣೊರೆಸಿಕೊಂಡು ಬಸ್ಸು ಹತ್ತಿದೆ. ಕಚೇರಿಯ ಚಾವಿಗಳನ್ನು ಮೂರು ಸಲ ಎಣಿಸಿ ಒಪ್ಪಿಸಿದ್ದೆ. ಕೆಲವು ತಿಂಗಳ ಮೇಲೆ ಮಲ್ಲಟದ ಶಾಲೆಗೆ ಹೋಗಿ ಬರುವಾಗ ಕಳೆದದ್ದು ನನ್ನ ಸ್ವಂತ ಟ್ರಂಕಿನ ಚಾವಿ. ಆ ವಾರ ಟ್ರಂಕನ್ನು ರಾಯಚೂರಿಗೆ ತಂದು, ಹಳೆಯ ನೌಕರನ ಸಲುಗೆಯಿಂದ ಉಸ್ತಾದರ ಮುಂದೆ ಇಳಿಸಿದೆ. ಅವರು ಚಹಾ ತರಿಸಿದರು, ಮಾನ್ವಿಯ ನೀರು ಹೇಗಿದೆ ಎಂದು ಕೇಳಿದರು. ತಂತಿಯ ಡಬ್ಬಿ ಮಾತ್ರ ಮುಚ್ಚಿಯೇ ಇತ್ತು.

ಉಸ್ತಾದ್, ಬೀಗ ತೆಗೆಯಿರಿ ಎಂದೆ.

“ಇಬ್ಬರನ್ನ ಕರ್ಕೊಂಡು ಬರ್ರಿ.”

ನನಗೂ ಬೇಕೇ ಎಂದೆ. ಅವರ ಮಗ್ಗುಲಲ್ಲಿ ನಿಂತಿದ್ದ, ಎಣ್ಣೆ ಕುಡಿದು ಕಪ್ಪಾಗಿದ್ದ ಬೇವಿನ ಹಲಗೆಯನ್ನು ತೋರಿಸಿದೆ. ಉಸ್ತಾದರು ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಅಷ್ಟು ದಿನಗಳಲ್ಲಿ ಅವರು ಹಲಗೆಗಾಗಿ ನನಗೆ ಒಂದು ಒಳ್ಳೆಯ ಮಾತು ಹೇಳಿದವರಲ್ಲ. ಅಂದು ಹೇಳಿದರು.

“ಆ ಹಲಗಿ ನಿಮ್ದು ಅಂತ ಯಾರ ಮುಂದ ಬೇಕಾದ್ರೂ ನಾ ಸಾಕ್ಷಿ ಹೇಳ್ತೀನಿ. ಟ್ರಂಕ್ ನಿಮ್ದು ಅಂತ ಯಾರ ಹೇಳ್ತಾರ?”

ನಾನು ಎದ್ದು ಬಿಸಿಲಿನಲ್ಲಿ ಸಾಕ್ಷಿ ಹುಡುಕುತ್ತ ಹೊರಟೆ. ಬಜಾರಿನ ಚಹಾದಂಗಡಿಯವನು ಸಿಕ್ಕ. ಎರಡನೆಯವನು ಛತ್ರಿಯವನು, ಇವರು ಇವರೇ, ಒಂದು ವರ್ಷ ಇಲ್ಲೇ ಕೈಯಾಗಿದ್ದರು ಎಂದು ಅವನು ಪ್ರಮಾಣ ಮಾಡಿದ. ಉಸ್ತಾದರು ತಲೆದೂಗಿ ಟ್ರಂಕಿನ ಪಕ್ಕಕ್ಕೆ ಹಲಗೆ ಸರಿಸಿದರು, ನಟ್ಟು ತಿರುವಿದರು, ರಬ್ಬರಿನ ಎಳೆ ಸಿಕ್ಕಿಸಿ ಬಲಗೈ ಮುಂದೆ ಮಾಡಿದರು. ನಾನು ನನ್ನ ಹಳೆಯ ಜಾಗದಲ್ಲಿ, ಅವರ ಎಡಗಡೆ, ಎರಡೂ ಕೈಯಲ್ಲಿ ಚಹಾದ ಲೋಟ ಹಿಡಿದುಕೊಂಡು ಕುಳಿತಿದ್ದೆ.